ಸೈಲೆಂಟ್‌ಗೆ ಹಾಕಿದ ಫೋನು ಯಾಕೆ ಕೂಗುತ್ತದೆ? ಬಸ್ಸು, ಓದುಕೋಣೆ, ವಾರ್ಡಿನ ಮೊಬೈಲ್ ಸದ್ದಿನ ಲೆಕ್ಕ

ಸಿಂಧನೂರು ಬಿಟ್ಟ ಬೆಳಗಿನ ಬಸ್ಸು ಕಾರಟಗಿ ಮುಟ್ಟುವಷ್ಟರಲ್ಲಿ ಎಷ್ಟು ಬಗೆಯ ಸದ್ದು ಕಿವಿಗೆ ಬೀಳುತ್ತದೆ, ಎಣಿಸಿ ನೋಡಿ. ಎಂಜಿನ್ನಿನ ಗುರುಗುಟ್ಟು, ಸಡಿಲಾದ ಕಿಟಕಿ ಗಾಜಿನ ಗಡಗಡ, ಕಂಡಕ್ಟರ್ ಸೀಟಿ, ಮಗುವಿನ ಅಳು. ಇವೆಲ್ಲ ಮೂವತ್ತು ವರ್ಷದ ಹಿಂದೆಯೂ ಇದ್ದವು, ಅವುಗಳ ನಡುವೆಯೇ ಜನ ತೂಕಡಿಸುತ್ತಿದ್ದರು. ಈಗ ಹಿಂದಿನ ಸೀಟಿನಿಂದ ರೀಲು, ಮುಂದಿನ ಸೀಟಿನಿಂದ ಧಾರಾವಾಹಿಯ ಜಗಳ, ಪಕ್ಕದಿಂದ ಸ್ಪೀಕರಿಗೆ ಹಾಕಿದ ಕರೆ. ತೂಕಡಿಕೆ ಹಾರಿಹೋಗುತ್ತದೆ.

‘ಜನಕ್ಕೆ ಸಂಸ್ಕಾರ ಇಲ್ಲ’ ಎಂದು ಬೈದು ಮುಗಿಸುವುದು ಸುಲಭ. ಬೈದದ್ದರಿಂದ ಫೋನಿನ ಸದ್ದು ಇಳಿದದ್ದು ಮಾತ್ರ ಅಪರೂಪ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಬಸ್ಸು, ಆಸ್ಪತ್ರೆ, ಗ್ರಂಥಾಲಯಗಳಲ್ಲಿ ಕೇಳುವ ಮೊಬೈಲ್ ಸದ್ದಿನ ಮೂಲ ಹುಡುಕಿದರೆ ಸೊಕ್ಕಿಗಿಂತ ಹೆಚ್ಚಾಗಿ ಸಿಗುವುದು ಬೇರೆಯೇ: ತಪ್ಪಾಗಿ ತಿಳಿದ ಸೆಟ್ಟಿಂಗ್, ಧೂಳು ತುಂಬಿದ ಇಯರ್‌ಪೀಸ್, ಮಂದವಾದ ಕಿವಿ, ಅಕ್ಷರ ಬಾರದ ಕಷ್ಟ. ಒಂದೊಂದಕ್ಕೂ ಮದ್ದು ಬೇರೆ. ಎಲ್ಲಕ್ಕೂ ಸೇರಿಸಿ ‘ಮೊಬೈಲ್ ಬಳಕೆ ನಿಷೇಧಿಸಿದೆ’ ಎಂಬ ಒಂದೇ ಬೋರ್ಡು ಬರೆಸುವುದರಿಂದ ಯಾವುದೂ ವಾಸಿಯಾಗುವುದಿಲ್ಲ.

ಮೊದಲು ಕಿವಿಯ ವಿಚಾರ. ಎಂಜಿನ್ ಸದ್ದು ರೀಲಿಗಿಂತ ಜೋರು. ಹಳೆಯ ಡೀಸೆಲ್ ಬಸ್ಸಿನೊಳಗೆ 75 ಡೆಸಿಬೆಲ್ ದಾಟುವುದು ಸಾಮಾನ್ಯ; ಒಂದು ಮೀಟರ್ ದೂರದಲ್ಲಿ ಕೂತು ಆಡುವ ಮಾತು 60ರ ಆಸುಪಾಸು. ಆದರೂ ಎಂಜಿನ್ ಕಾಡುವುದಿಲ್ಲ, ರೀಲು ಕಾಡುತ್ತದೆ. ಒಂದೇ ಸಮನೆ ಬರುವ ಸದ್ದನ್ನು ಮಿದುಳು ಸ್ವಲ್ಪ ಹೊತ್ತಿಗೆ ಬದಿಗೆ ಸರಿಸುತ್ತದೆ. ಬದಲಾಗುತ್ತಲೇ ಇರುವ ಸದ್ದನ್ನು ಸರಿಸಲಾರದು. ರೀಲು ಅರ್ಧ ನಿಮಿಷಕ್ಕೊಮ್ಮೆ ಹಾಡು, ದನಿ, ಲಯ ಎಲ್ಲ ಬದಲಾಯಿಸುತ್ತದೆ. ಅದರ ಮೇಲೆ ಫೋನಿನ ಪುಟ್ಟ ಸ್ಪೀಕರಿಗೆ ತಗ್ಗಿನ ಸ್ವರ ನುಡಿಸುವ ಶಕ್ತಿಯಿಲ್ಲ. ತಬಲಾ, ಡೊಳ್ಳಿನ ಗುಮ್ಮೆನ್ನುವ ದನಿ ಸೋರಿಹೋಗಿ ಉಳಿಯುವುದು 1ರಿಂದ 4 ಕಿಲೋಹರ್ಟ್ಸ್ ನಡುವಿನ ಕೀರಲು ಭಾಗ. ಮನುಷ್ಯನ ಕಿವಿ ಅತಿ ಚುರುಕಾಗಿರುವುದೂ ಅಲ್ಲಿಯೇ.

ಬಸ್ಸಿಗೇ ಸೇರಿದ ಇನ್ನೊಂದು ತೊಡಕಿದೆ. ಓಡುವ ಬಸ್ಸಿನಲ್ಲಿ ಎಂಜಿನ್ನನ್ನು ಮೀರಿ ಕೇಳಲಿ ಎಂದು ವಾಲ್ಯೂಮ್ ಏರಿಸುತ್ತಾರೆ. ಸ್ಟಾಪಿನಲ್ಲಿ ಬಸ್ ನಿಂತು ಎಂಜಿನ್ ತಣ್ಣಗಾದಾಗ ಅದೇ ವಾಲ್ಯೂಮ್ ಇಡೀ ಬಸ್ಸಿಗೆ ಕೂಗಿ ಹೇಳಿದಂತೆ ಕೇಳುತ್ತದೆ. ಸದ್ದು 10 ಡೆಸಿಬೆಲ್ ಏರಿದರೆ ಕಿವಿಗೆ ಅದು ಸುಮಾರು ಎರಡು ಪಟ್ಟು. ಏರಿಸಿದವರಿಗೆ ತಾವು ಏರಿಸಿದ್ದು ಅಷ್ಟು ಹೊತ್ತಿಗೆ ಮರೆತಿರುತ್ತದೆ.

ಇನ್ನು ಕರೆ. ಪಕ್ಕದಲ್ಲಿ ಇಬ್ಬರು ಎದುರುಬದುರು ಕೂತು ಹರಟಿದರೆ ಆಗದ ಕಿರಿಕಿರಿ, ಒಬ್ಬರೇ ಫೋನಿನಲ್ಲಿ ಮಾತಾಡಿದರೆ ಯಾಕೆ ಆಗುತ್ತದೆ? 2010ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಅಳೆದರು. ಕಂಪ್ಯೂಟರ್ ಪರದೆಯ ಮೇಲೆ ಓಡುವ ಚುಕ್ಕೆಯನ್ನು ಹಿಂಬಾಲಿಸುವ ಕೆಲಸ ಕೊಟ್ಟು, ಕೆಲವೊಮ್ಮೆ ಪೂರ್ತಿ ಸಂಭಾಷಣೆ, ಕೆಲವೊಮ್ಮೆ ಒಂದೇ ಬದಿಯ ಮಾತು ಕೇಳಿಸಿದರು. ಅರ್ಧ ಮಾತು ಕೇಳಿದಾಗ ತಪ್ಪು ಹೆಚ್ಚಾಯಿತು. ಅದೇ ಅರ್ಧ ಮಾತನ್ನು ಪದ ತಿಳಿಯದಂತೆ ಮಸುಕು ಮಾಡಿ ಕೇಳಿಸಿದಾಗ ತೊಂದರೆ ಇರಲಿಲ್ಲ. ಅಂದರೆ ಕೆಣಕುವುದು ಬರೀ ದನಿಯಲ್ಲ, ಕೇಳದೆ ಉಳಿದ ಅರ್ಧ. “ಹೌದಾ? ಯಾವಾಗ? ಮತ್ತ ಅಕಿ ಏನಂದ್ಲು?” ಎಂದು ಕಿವಿಗೆ ಬಿದ್ದರೆ, ಅಕಿ ಏನಂದಳು ಎಂದು ನಮ್ಮ ಮಿದುಳೂ ಹುಡುಕಲು ಹೊರಡುತ್ತದೆ, ನಾವು ಬೇಡವೆಂದರೂ.

ಹಾಗಾದರೆ ಸ್ಪೀಕರಿಗೆ ಹಾಕಿ ಎರಡೂ ಬದಿ ಕೇಳಿಸಿದರೆ ವಾಸಿಯಲ್ಲವೆ? ಅಲ್ಲ. ಗದ್ದಲದಲ್ಲಿ ಮನುಷ್ಯ ತನ್ನ ದನಿಯನ್ನು ತಾನೇ ಏರಿಸುತ್ತಾನೆ. ಫ್ರಾನ್ಸಿನ ಕಿವಿ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ಗುರುತಿಸಿದ್ದರಿಂದ ಇದಕ್ಕೆ ಅವರದೇ ಹೆಸರು ಉಳಿದಿದೆ. ಸ್ಪೀಕರಿನಲ್ಲಿ ಆ ಕಡೆಯವರ ದನಿ ಒಡೆದು ಬರುತ್ತದೆ, ಈ ಕಡೆಯವರು ಕೂಗುತ್ತಾರೆ, ಅವರು ಇನ್ನೂ ಜೋರಾಗುತ್ತಾರೆ. ಆ ಕಡೆಯವರಿಗೆ ತಮ್ಮ ಮಾತು ಐವತ್ತು ಜನಕ್ಕೆ ಕೇಳುತ್ತಿದೆ ಎಂದೇ ಗೊತ್ತಿರುವುದಿಲ್ಲ. ಮಗಳ ಸಂಬಂಧದ ಮಾತು, ಸಾಲದ ಮಾತು, ಮುಟ್ಟಿನ ನೋವಿನ ಮಾತು ಹೀಗೆ ಬಸ್ಸಿನ ಪಾಲಾಗುತ್ತವೆ. ನಿಜವಾಗಿ ಅನ್ಯಾಯವಾಗುವುದು ಅವರಿಗೆ. ಸ್ಪೀಕರ್ ಅನಿವಾರ್ಯವಾದರೆ ಮೊದಲ ವಾಕ್ಯವೇ “ಸ್ಪೀಕರ್‌ದಾಗ ಐತಿ, ಬಸ್ಸಿನ್ಯಾಗ ಅದೀನಿ” ಎಂದಿರಬೇಕು.

ಜನ ಯಾಕೆ ಸ್ಪೀಕರಿಗೇ ಹಾಕುತ್ತಾರೆ ಎಂಬುದಕ್ಕೆ ಈ ಭಾಗದಲ್ಲಿ ನಾಲ್ಕಾರು ಗಟ್ಟಿ ಕಾರಣಗಳಿವೆ.

ಮೊದಲನೆಯದು ಧೂಳು. ಸಂಡೂರಿನ ಕೆಂಪು ಅದಿರಿನ ಪುಡಿ, ರಾಯಚೂರಿನ ಹತ್ತಿಯ ನಾರು, ಅಕ್ಕಿ ಗಿರಣಿಯ ತೌಡು, ಬೇಸಿಗೆಯ ಬೆವರಿನ ಜಿಡ್ಡು ಎಲ್ಲ ಸೇರಿ ಫೋನಿನ ಮೇಲ್ತುದಿಯ ಸಣ್ಣ ಜಾಲರಿಯನ್ನು ಮುಚ್ಚುತ್ತವೆ. ಕಿವಿಗೆ ಹಿಡಿದಾಗ ದನಿ ಬರುವುದು ಅಲ್ಲಿಂದ. ಅದು ಮುಚ್ಚಿದರೆ ಆ ಕಡೆಯವರು ಬಾವಿಯೊಳಗಿಂದ ಮಾತಾಡಿದಂತಾಗುತ್ತದೆ. ‘ಇಯರ್‌ಪೀಸ್ ಹೋಗೇತಿ’ ಎಂದು ಕೆಳಗಿನ ದೊಡ್ಡ ಸ್ಪೀಕರನ್ನೇ ಖಾಯಂ ಮಾಡಿಕೊಳ್ಳುತ್ತಾರೆ. ಹಲವು ಸಲ ಅದು ಹೋಗಿರುವುದಿಲ್ಲ, ಮುಚ್ಚಿರುತ್ತದೆ, ಅಷ್ಟೆ.

ತೆಗೆಯುವ ಬಗೆ ಹೀಗೆ. ಕವರ್ ಬಿಚ್ಚಿ, ಟೆಂಪರ್ಡ್ ಗ್ಲಾಸಿನ ಸೀಳು ಜಾಲರಿಗೆ ಸರಿಯಾಗಿ ಕೂತಿದೆಯೇ ನೋಡಿ. ಬೇರೆ ಮಾಡೆಲ್ಲಿನ ಗ್ಲಾಸ್ ಅಂಟಿಸಿದ್ದರೆ ಅದೇ ಅರ್ಧ ಮುಚ್ಚಿರುತ್ತದೆ. ಫೋನನ್ನು ಆಫ್ ಮಾಡಿ ತಲೆಕೆಳಗಾಗಿ ಹಿಡಿಯಿರಿ. ಮೆತ್ತನೆಯ, ಒಣಗಿದ, ಹೊಸ ಹಲ್ಲುಜ್ಜುವ ಬ್ರಷ್‌ನಿಂದ ಜಾಲರಿಯ ಮೇಲೆ ಹಗುರವಾಗಿ ಇಪ್ಪತ್ತು ಮೂವತ್ತು ಸಲ ಉಜ್ಜಿ. ಪುಡಿ ಕೆಳಕ್ಕೆ ಉದುರಬೇಕು. ಆಮೇಲೆ ಸೆಲ್ಲೋಟೇಪಿನ ತುಂಡು ಒತ್ತಿ ಎತ್ತಿದರೆ ಉಳಿದದ್ದು ಅಂಟಿಕೊಂಡು ಬರುತ್ತದೆ. ಪಿನ್ನು, ಸೂಜಿ ಹಾಕಬೇಡಿ, ಜಾಲರಿ ಹರಿಯುತ್ತದೆ. ಬಾಯಿಂದ ಊದಬೇಡಿ, ತೇವ ಒಳಗೆ ಹೋಗಿ ಧೂಳು ಕೆಸರಾಗುತ್ತದೆ. ಪಂಕ್ಚರ್ ಅಂಗಡಿಯ ಗಾಳಿ ಹಿಡಿಸಿದರಂತೂ ಒಳಗಿನ ಪೊರೆಗೇ ಪೆಟ್ಟು. ಕೊನೆಗೆ ಯಾರಿಗಾದರೂ ಕರೆ ಮಾಡಿ, ಮಾತು ನಡೆದಿರುವಾಗಲೇ ವಾಲ್ಯೂಮ್ ಗುಂಡಿ ಒತ್ತಿ. ಕರೆಯ ವಾಲ್ಯೂಮ್ ಬೇರೆ, ಅದು ಹಾಗೆ ಒತ್ತಿದಾಗಲೇ ಏರುವುದು. ಸುಮ್ಮನಿದ್ದಾಗ ಒತ್ತಿದರೆ ರಿಂಗೋ ಹಾಡೋ ಜೋರಾಗುತ್ತದೆ. ಈ ಒಂದು ವಿಷಯ ಗೊತ್ತಿಲ್ಲದೆ ವರ್ಷಗಟ್ಟಲೆ ಸ್ಪೀಕರ್ ಬಳಸುವವರಿದ್ದಾರೆ.

ಎರಡನೆಯದು ಕಿವಿ. ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್, ಕಲ್ಲು ಕ್ರಷರ್, ಉಕ್ಕಿನ ಕಾರ್ಖಾನೆ ಇವುಗಳಲ್ಲಿ ಹದಿನೈದು ಇಪ್ಪತ್ತು ವರ್ಷ ದುಡಿದವರ ಕಿವಿ ಮೊದಲು ಸವೆಯುವುದು 4 ಕಿಲೋಹರ್ಟ್ಸ್ ಸುತ್ತಮುತ್ತ. ಅಲ್ಲಿ ಸವೆದರೆ ಸ, ಶ, ತ, ಕ ಇಂಥ ವ್ಯಂಜನಗಳು ಕರಗಿಹೋಗುತ್ತವೆ. ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಅವರು ವಾಲ್ಯೂಮ್ ಏರಿಸುವುದು ಸೊಕ್ಕಿನಿಂದಲ್ಲ. ಸ್ಪೀಕರ್ ಏರಿಸಿದರೂ ಅವರಿಗೆ ಸ್ಪಷ್ಟವಾಗುವುದು ಕಡಿಮೆ. ಕಿವಿಯೊಳಗೆ ಕೂರುವ ರಬ್ಬರ್ ಬಿರಡೆಯ ಇಯರ್‌ಫೋನ್ ಹೊರಗಿನ ಗದ್ದಲ ತಡೆಯುವುದರಿಂದ ಅದೇ ಮಾತು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮನೆಯ ಮಕ್ಕಳು ಒಮ್ಮೆ ಹಾಕಿ ತೋರಿಸಬೇಕು. ಜೊತೆಗೆ ಜಿಲ್ಲಾ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗಕ್ಕೂ ಒಮ್ಮೆ ಕರೆದೊಯ್ಯಬೇಕು.

ಮೂರನೆಯದು ಅಕ್ಷರ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ರಾಯಚೂರಿನದು ಶೇ 59.56, ಬಳ್ಳಾರಿಯದು ಶೇ 67.43, ಕೊಪ್ಪಳದ್ದು ಶೇ 68.09. ‘ಬಸ್ಸಿನಲ್ಲಿ ಕರೆ ಮಾಡಬೇಡಿ, ಮೆಸೇಜ್ ಮಾಡಿ’ ಎಂಬ ದೊಡ್ಡ ಊರಿನ ಬುದ್ಧಿಮಾತು ಇಲ್ಲಿ ಬಹಳ ಜನಕ್ಕೆ ಒಗ್ಗುವುದಿಲ್ಲ. ಬೆಂಗಳೂರಿಗೆ ಗುಳೆ ಹೋದ ಮಗ ಊರಿಗೆ ಸುದ್ದಿ ಮುಟ್ಟಿಸುವುದು ವಾಯ್ಸ್ ಮೆಸೇಜಿನಲ್ಲಿ, ವಿಡಿಯೋ ಕಾಲಿನಲ್ಲಿ. ಮೊಮ್ಮಗಳ ಮುಖ ನೋಡಬೇಕೆಂದರೆ ಫೋನನ್ನು ಕಿವಿಗೆ ಹಿಡಿಯುವಂತಿಲ್ಲ. ಈ ಕಷ್ಟ ಗೊತ್ತಿಲ್ಲದ ಶಿಷ್ಟಾಚಾರ ಓದಿದವರ ಶಿಷ್ಟಾಚಾರವಾಗಿ ಮಾತ್ರ ಉಳಿಯುತ್ತದೆ.

ವಾಯ್ಸ್ ಮೆಸೇಜಿಗೆ ಮಾತ್ರ ಒಂದು ಸುಲಭ ದಾರಿಯಿದೆ, ಬಹಳ ಜನಕ್ಕೆ ತಿಳಿಯದು. ವಾಟ್ಸ್ಆ್ಯಪ್‌ನಲ್ಲಿ ಮೆಸೇಜಿನ ತ್ರಿಕೋನ ಒತ್ತಿ, ಕೂಡಲೇ ಫೋನನ್ನು ಕರೆ ಬಂದಾಗ ಹಿಡಿದಂತೆ ಕಿವಿಗೆ ಹಿಡಿಯಿರಿ. ಮುಖ ಹತ್ತಿರ ಬಂದದ್ದನ್ನು ಫೋನಿನ ಸೆನ್ಸರ್ ತಿಳಿದು ದನಿಯನ್ನು ಸ್ಪೀಕರಿನಿಂದ ಇಯರ್‌ಪೀಸಿಗೆ ತಿರುಗಿಸುತ್ತದೆ. ಇಯರ್‌ಫೋನ್ ಬೇಡ, ದುಡ್ಡು ಬೇಡ, ಅಕ್ಷರವೂ ಬೇಡ. ಒತ್ತಿದ ಮೇಲೆ ಒಂದೆರಡು ಕ್ಷಣ ತಡಮಾಡಿದರೆ ಮೊದಲ ಪದ ಹೊರಗೆ ಕೇಳಿಬಿಡುತ್ತದೆ, ಆದ್ದರಿಂದ ಕೈ ಚುರುಕಿರಲಿ. ಅಷ್ಟಾದರೂ ಸ್ಪೀಕರಿನಲ್ಲೇ ಬಂದರೆ ಸೆನ್ಸರಿನ ಮೇಲೆ ಗ್ಲಾಸಿನ ಕಪ್ಪು ಅಂಚೋ ಕೊಳೆಯೋ ಕೂತಿದೆ ಎಂದು ತಿಳಿಯಿರಿ.

ಇನ್ನೊಂದು ಕಾರಣ ನಿಂತು ಪ್ರಯಾಣಿಸುವುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ಸುಗಳು ತುಂಬಿ ಹೊರಡುತ್ತವೆ. ಒಂದು ಕೈ ಸರಳಿಗೆ, ಒಂದು ಕೈ ಚೀಲಕ್ಕೆ. ಫೋನು ಎದೆಯ ಹತ್ತಿರ, ಸ್ಪೀಕರಿನಲ್ಲಿ. ಇಲ್ಲಿ ಉತ್ತರ ಒಂದೇ: “ಇಳದ ಮ್ಯಾಲ ಮಾಡ್ತೀನಿ” ಎಂದು ಹೇಳಿ ಇಡುವುದು. ಸಿಂಧನೂರು ದಾಟಿದೆವು ಎಂದು ತಿಳಿಸಲು ಹತ್ತು ಸೆಕೆಂಡು ಸಾಕು.

ಈಗ ಶೀರ್ಷಿಕೆಯ ಪ್ರಶ್ನೆ. ಸೈಲೆಂಟ್‌ಗೆ ಹಾಕಿದರೂ ಫೋನು ಕೂಗುವುದಕ್ಕೆ ಕಾರಣ, ಫೋನಿನಲ್ಲಿರುವುದು ಒಂದು ವಾಲ್ಯೂಮ್ ಅಲ್ಲ, ನಾಲ್ಕು: ರಿಂಗು ಮತ್ತು ನೋಟಿಫಿಕೇಶನ್, ಮೀಡಿಯಾ, ಅಲಾರಂ, ಕರೆ. ಸೈಲೆಂಟ್ ಮಾಡಿದಾಗ ಬಾಯಿ ಮುಚ್ಚುವುದು ಮೊದಲನೆಯದು ಮಾತ್ರ. ಆಸ್ಪತ್ರೆಯಲ್ಲಿ ಸೈಲೆಂಟ್ ಮಾಡಿ ಕೂತವರು ಗುಂಪಿಗೆ ಬಂದ ವಿಡಿಯೋ ಮುಟ್ಟಿದರೆ ಮೀಡಿಯಾ ವಾಲ್ಯೂಮ್ ನಿನ್ನೆ ರಾತ್ರಿ ಎಲ್ಲಿತ್ತೋ ಅಲ್ಲಿಂದಲೇ ಅರಚುತ್ತದೆ. ಅವರೂ ಬೆಚ್ಚಿ ಬೀಳುತ್ತಾರೆ, ಗಡಿಬಿಡಿಯಲ್ಲಿ ಗುಂಡಿ ಸಿಗುವುದಿಲ್ಲ. ಮಧ್ಯಾಹ್ನದ ಮಾತ್ರೆಗೆಂದು ಇಟ್ಟ ಅಲಾರಂ ಸೈಲೆಂಟಿನಲ್ಲೂ ಹೊಡೆಯುತ್ತದೆ.

ಆಂಡ್ರಾಯ್ಡ್ ಫೋನಿನಲ್ಲಿ ಮಾಡಬೇಕಾದದ್ದು ಇಷ್ಟು. ಪಕ್ಕದ ವಾಲ್ಯೂಮ್ ಗುಂಡಿ ಒಮ್ಮೆ ಒತ್ತಿದರೆ ಪರದೆಯ ಮೇಲೆ ಒಂದು ಪಟ್ಟಿ ಬರುತ್ತದೆ. ಅದರ ತುದಿಯಲ್ಲಿರುವ ಮೂರು ಚುಕ್ಕೆ ಅಥವಾ ಬಾಣದ ಗುರುತು ಮುಟ್ಟಿದರೆ ಎಲ್ಲ ಪಟ್ಟಿಗಳೂ ಒಟ್ಟಿಗೆ ಕಾಣುತ್ತವೆ. ಸಂಗೀತದ ಗುರುತಿರುವ ಮೀಡಿಯಾ ಪಟ್ಟಿಯನ್ನು ಸೊನ್ನೆಗೆ ಎಳೆಯಿರಿ. ಬಸ್ ಹತ್ತುವ ಮೊದಲು, ವಾರ್ಡಿನ ಬಾಗಿಲಲ್ಲಿ, ಓದುಕೋಣೆಯ ಮೆಟ್ಟಿಲ ಮೇಲೆ ಇದಿಷ್ಟು ಮಾಡಿದರೆ ಮುಕ್ಕಾಲು ತೊಂದರೆ ಹುಟ್ಟುವುದೇ ಇಲ್ಲ. ಊರಿನ ತುರ್ತು ಕರೆ ತಪ್ಪೀತು ಎಂಬ ಹೆದರಿಕೆ ಇದ್ದವರಿಗೆ, ಬೇಕಾದ ಕರೆ ಮಾತ್ರ ಬಿಟ್ಟು ಉಳಿದವುಗಳ ಸದ್ದು ತಡೆಯುವ ಡು ನಾಟ್ ಡಿಸ್ಟರ್ಬ್ ಎಂಬ ಸೆಟ್ಟಿಂಗ್ ಇದೆ. ಅದರ ಒಳಗೆ ‘ಕರೆಗಳು’ ಎಂಬಲ್ಲಿ ನಕ್ಷತ್ರ ಹಾಕಿದ ಹೆಸರುಗಳಿಗೆ ಮಾತ್ರ ಬಿಡಬಹುದು. ಮರುಕರೆಗೆ ಅವಕಾಶ ಕೊಟ್ಟರೆ ಒಂದೇ ನಂಬರಿನಿಂದ 15 ನಿಮಿಷದೊಳಗೆ ಎರಡನೇ ಸಲ ಬಂದ ಕರೆ ರಿಂಗಾಗುತ್ತದೆ. ಐಫೋನಿನಲ್ಲಿ ಈ ಅವಧಿ 3 ನಿಮಿಷ. ಹೊಲದಲ್ಲಿ ಹಾವು ಕಡಿದರೆ ಮನೆಯವರು ಒಮ್ಮೆ ಮಾಡಿ ಸುಮ್ಮನಾಗುವುದಿಲ್ಲ, ಎರಡನೇ ಸಲ ಮಾಡಿಯೇ ಮಾಡುತ್ತಾರೆ. ವ್ಯವಸ್ಥೆಯೂ ಅದೇ ಲೆಕ್ಕದ್ದು.

ಇಯರ್‌ಫೋನ್ ಬಗ್ಗೆ ಎರಡು ಮಾತು. ಕೊಳ್ಳುವ ಮೊದಲು ಫೋನಿನಲ್ಲಿ ದುಂಡು ತೂತಿದೆಯೋ, ಚಾರ್ಜಿಂಗ್ ತೂತೇ ಎಲ್ಲಕ್ಕೂ ಇರುವುದೋ ನೋಡಿ. ಬಸ್‌ಸ್ಟ್ಯಾಂಡಿನಲ್ಲಿ ಕೊಂಡದ್ದು ಊರಿಗೆ ಹೋದ ಮೇಲೆ ಕೂರದೆ ವ್ಯರ್ಥವಾಗುವುದು ಇದರಿಂದಲೇ. ಇನ್ನು ಜೋರು: ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ಲಿನಲ್ಲಿ ವಾರಕ್ಕೆ 40 ಗಂಟೆ ಕೇಳಿದರೆ ಅಪಾಯವಿಲ್ಲ, 90ಕ್ಕೆ ಏರಿದರೆ 4 ಗಂಟೆ ಮಾತ್ರ. ಬಸ್ಸಿನ ಗದ್ದಲ ಮೀರಲು ಏರಿಸುತ್ತ ಹೋದರೆ 90 ಬಹಳ ದೂರವಿಲ್ಲ. ಇನ್ನೊಬ್ಬರ ನೆಮ್ಮದಿ ಉಳಿಸಲು ಹೋಗಿ ನಮ್ಮ ಕಿವಿ ಕಳೆದುಕೊಳ್ಳಬೇಕಿಲ್ಲ. ಒಂದೇ ಕಿವಿಗೆ ಹಾಕಿಕೊಂಡರೆ ಸ್ಟಾಪಿನ ಹೆಸರೂ ಕೇಳುತ್ತದೆ.

ಕಾನೂನು ಏನು ಹೇಳುತ್ತದೆ? 2021ರ ನವೆಂಬರಿನಲ್ಲಿ, ಹೈಕೋರ್ಟಿನ ನಿರ್ದೇಶನದ ಮೇಲೆ ಕೆಎಸ್‌ಆರ್‌ಟಿಸಿ ಒಂದು ಸುತ್ತೋಲೆ ಹೊರಡಿಸಿತು: ಬಸ್ಸಿನಲ್ಲಿ ಮೊಬೈಲ್‌ನಿಂದ ಜೋರಾಗಿ ಹಾಡು, ವಿಡಿಯೋ ಹಾಕುವಂತಿಲ್ಲ, ಸಿಬ್ಬಂದಿ ಮೊದಲು ವಿನಂತಿಸಬೇಕು, ಕೇಳದಿದ್ದರೆ ಇಳಿಸಬಹುದು, ಟಿಕೆಟ್ ಹಣ ವಾಪಸಿಲ್ಲ. ನಮ್ಮ ಮೂರು ಜಿಲ್ಲೆಗಳಲ್ಲಿ ಓಡುವುದು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಬಸ್ಸು. ಆ ಸುತ್ತೋಲೆಗೆ ಆಧಾರವಾದ 1989ರ ಕರ್ನಾಟಕ ಮೋಟಾರು ವಾಹನ ನಿಯಮಗಳು ಮಾತ್ರ ಇಡೀ ರಾಜ್ಯಕ್ಕೆ ಸೇರಿದ್ದು.

ಮಧ್ಯಾಹ್ನದ ಉರಿಯಲ್ಲಿ, ಮಾನ್ವಿ ದಾರಿಯ ಬಯಲಿನಲ್ಲಿ ಯಾವ ಕಂಡಕ್ಟರೂ ಮನುಷ್ಯರನ್ನು ಇಳಿಸಿ ಹೋಗುವುದಿಲ್ಲ, ಹೋಗಬಾರದು ಕೂಡ. ನಿಯಮದ ನಿಜವಾದ ಉಪಯೋಗ ಬೇರೆ. ಕಂಡಕ್ಟರಿಗೆ “ನಾನಲ್ಲ ಹೇಳೋದು, ರೂಲ್ಸ್ ಐತ್ರಿ” ಎನ್ನುವ ಒಂದು ಆಸರೆ ಬೇಕು. ಅದಕ್ಕೆ ಬೋರ್ಡು ಬೇಕು. ಬೋರ್ಡಿನಲ್ಲಿ ಎಂಟು ಸಾಲಿನ ಆದೇಶ ಬರೆದರೆ ಯಾರೂ ಓದುವುದಿಲ್ಲ. ಸದ್ದು ಬರುವ ಫೋನಿನ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ಇಯರ್‌ಫೋನ್ ಹಾಕಿದ ಕಿವಿ, ಈ ಎರಡು ಚಿತ್ರ ಸಾಕು. ಜಾಗವೂ ಮುಖ್ಯ. ಡ್ರೈವರ್ ಹಿಂದಿನ ಹಲಗೆ ಮೂರನೇ ಸಾಲಿನ ಆಚೆಗೆ ಕಾಣುವುದಿಲ್ಲ. ಕೂತವರ ಕಣ್ಣ ಮಟ್ಟಕ್ಕೆ, ಎರಡು ಕಿಟಕಿಗಳ ನಡುವಿನ ತಗಡಿಗೆ ಅಂಟಿಸಬೇಕು.

ಎಂಜಿನ್ ಪಕ್ಕದ ಸೀಟಿನಲ್ಲಿ ಕೂತವರು ಇನ್ನಷ್ಟು ಎಚ್ಚರವಾಗಿರಬೇಕು. ಕಂಡಕ್ಟರ್ ಹಿಂದಿನಿಂದ ಊದುವ ಒಂದು ಸೀಟಿ ನಿಲ್ಲಿಸು ಎಂದು, ಎರಡು ಸೀಟಿ ಹೊರಡು ಎಂದು. ಡ್ರೈವರ್ ಕಿವಿಯ ಪಕ್ಕದಲ್ಲೇ ರೀಲಿನ ಸೀಟಿ, ಚಪ್ಪಾಳೆ ಹೊಡೆಯುತ್ತಿದ್ದರೆ ಎರಡನೇ ಸೀಟಿ ಯಾವುದು ಎಂಬ ಗೊಂದಲ ಸಾಕು. ಹಿಂದಿನ ಬಾಗಿಲಲ್ಲಿ ಒಂದು ಕಾಲು ಮೆಟ್ಟಿಲ ಮೇಲಿಟ್ಟ ಅಜ್ಜಿಗೆ ಅದರ ಬೆಲೆ ಗೊತ್ತಾಗುತ್ತದೆ.

ಕೇಳುವ ರೀತಿಯಿಂದಲೂ ಬಹಳ ವ್ಯತ್ಯಾಸವಾಗುತ್ತದೆ. “ನಿಮಗ ತಿಳುವಳಿಕಿ ಇಲ್ಲೇನು?” ಎಂದು ಶುರುವಾದರೆ ಜಗಳ ಖಚಿತ. “ಅಣ್ಣಾರ, ಸೌಂಡ್ ಒಂಚೂರು ಸಣ್ಣ ಮಾಡ್ರಿ, ತೆಲಿ ನೋಯಾಕತ್ತೈತಿ” ಎಂದರೆ ಹೆಚ್ಚಿನವರು ಮಾಡುತ್ತಾರೆ. ಇದರಲ್ಲಿ ಮೂರು ಸಂಗತಿಗಳಿವೆ: ಸಂಬಂಧ ಹಚ್ಚಿ ಕರೆದದ್ದು, ಬಂದ್ ಮಾಡಿ ಎನ್ನದೆ ಸಣ್ಣ ಮಾಡಿ ಎಂದದ್ದು, ತಪ್ಪು ಅವರ ಮೇಲೆ ಹೊರಿಸದೆ ನೋವು ತಮ್ಮದೆಂದು ಹೇಳಿದ್ದು. ವಯಸ್ಸಾದ ಹೆಣ್ಣುಮಗಳಾದರೆ “ಯವ್ವಾ, ಕೊಡ್ರಿ ಇಲ್ಲಿ, ಕಿವಿಗೆ ಹಿಡದ್ರ ಚೊಲೋ ಕೇಳ್ತೈತಿ ನೋಡ್ರಿ” ಎಂದು ತೋರಿಸಿಕೊಡಬಹುದು. ಹುಡುಗನಾದರೆ “ತಮ್ಮಾ, ಇಯರ್‌ಫೋನ್ ಇದ್ರ ಹಾಕ್ಕೊಪ್ಪಾ”. ಎರಡನೇ ಸಲ ಕೇಳಬೇಕಾಗಿ ಬಂದರೆ ಕಂಡಕ್ಟರಿಗೆ ಹೇಳಿ, ನೀವೇ ಮುಂದುವರಿಸಬೇಡಿ. ಹೆಣ್ಣುಮಕ್ಕಳು ಒಬ್ಬರೇ ಇದ್ದಾಗಲಂತೂ ಮೊದಲ ಸಲವೇ ಕಂಡಕ್ಟರ್ ಮೂಲಕ ಹೇಳಿಸುವುದು ಒಳ್ಳೆಯದು.

ರೈಲಿನ ದಾರಿ ನೇರವಾಗಿದೆ. 2022ರ ಜನವರಿಯಲ್ಲಿ ರೈಲ್ವೆ ಹೊರಡಿಸಿದ ಸೂಚನೆಯಂತೆ ರಾತ್ರಿ 10ರ ಮೇಲೆ ಇಯರ್‌ಫೋನ್ ಇಲ್ಲದೆ ಹಾಡು, ಜೋರು ಮಾತು ಇಲ್ಲ, ದೀಪವೂ ಇಲ್ಲ, ರಾತ್ರಿ ದೀಪ ಮಾತ್ರ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬಳ್ಳಾರಿಯಲ್ಲಿ ಹತ್ತುವವರು ಇದನ್ನು ನೆನಪಿಡಬೇಕು. ಹುಬ್ಬಳ್ಳಿ, ಕೊಪ್ಪಳದಲ್ಲಿ ಹತ್ತಿದವರು ಆಗಲೇ ಮಲಗಿರುತ್ತಾರೆ. ‘ಹತ್ತಿದ್ವಿ, ಸೀಟ್ ಸಿಕ್ತು’ ಎಂಬ ಕರೆಯನ್ನು ಬಾಗಿಲ ಬಳಿ ನಿಂತು ಮಾಡಿ ಆಮೇಲೆ ಒಳಗೆ ಬನ್ನಿ. ದೂರು ಕೊಡುವುದಾದರೆ 139. ಪಿಎನ್‌ಆರ್, ಬೋಗಿ, ಬರ್ತ್ ನಂಬರು ಕೈಯಲ್ಲಿರಲಿ. 1989ರ ರೈಲ್ವೆ ಕಾಯ್ದೆಯ 145ನೇ ಕಲಂ ಇತರರಿಗೆ ಉಪದ್ರವ ಕೊಡುವವರನ್ನು ಬೋಗಿಯಿಂದ ಇಳಿಸಲು ಅಧಿಕಾರ ಕೊಡುತ್ತದೆ.

ದೇವಸ್ಥಾನಗಳಲ್ಲಿ ಮುಜರಾಯಿ ಇಲಾಖೆ 2023ರ ಜುಲೈನಲ್ಲೇ ಮೊಬೈಲ್ ಬಳಕೆ ನಿಷೇಧಿಸಿದೆ. ಹುಲಿಗಿಯಲ್ಲಿ ಹುಣ್ಣಿಮೆ, ಮಂಗಳವಾರ, ಶುಕ್ರವಾರದ ಸಾಲಿನಲ್ಲಿ ಇದು ಸದ್ದಿಗಿಂತ ನೂಕಾಟದ ಪ್ರಶ್ನೆ: ಗರ್ಭಗುಡಿ ಎದುರು ಒಬ್ಬರು ಫೋಟೋಕ್ಕೆ ನಿಂತರೆ ಹಿಂದಿನ ಸಾಲು ಮಕ್ಕಳ ಮೇಲೆ ಒರಗುತ್ತದೆ. ಬ್ಯಾಂಕಿನ ಸಾಲಿನಲ್ಲಿ ಇನ್ನೊಂದು ಬಗೆಯ ಅಪಾಯ, ಖಾತೆ ನಂಬರು, ಆಧಾರ್ ನಂಬರು, ಒಟಿಪಿ ಇವನ್ನು ಸ್ಪೀಕರಿನಲ್ಲಿ ಗಟ್ಟಿಯಾಗಿ ಓದುವುದು. ಒಟಿಪಿಯನ್ನು ಯಾರಿಗೂ ಹೇಳಬಾರದು. ಹೇಳಿ ದುಡ್ಡು ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಬಸ್‌ಸ್ಟ್ಯಾಂಡಿನಲ್ಲಿ ಫೋನು ನೋಡುತ್ತ ನಡೆಯುವವರಿಗೂ ಒಂದು ಮಾತು. ಪ್ಲಾಟ್‌ಫಾರ್ಮಿಗೆ ಮೂತಿಯಿಟ್ಟು ನಿಂತ ಬಸ್ಸು ಹೊರಡುವುದು ಹಿಂದಕ್ಕೆ. ಆ ಹೊತ್ತಿಗೆ ಹಿಂದೆ ನಿಂತವರಿಗೆ ಇರುವ ಎಚ್ಚರಿಕೆ ಕಂಡಕ್ಟರ್ ಸೀಟಿ ಮತ್ತು ತಗಡು ಬಡಿಯುವ ಸದ್ದು. ಅಮೆರಿಕದ ವೆಸ್ಟರ್ನ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಂಗಳದಲ್ಲಿ ಸಂಶೋಧಕರು ಬಣ್ಣದ ಬಟ್ಟೆಯ ವಿದೂಷಕನನ್ನು ಒಂಟಿ ಚಕ್ರದ ಸೈಕಲ್ ಮೇಲೆ ಓಡಾಡಿಸಿದರು. ಫೋನಿನಲ್ಲಿ ಮಾತಾಡುತ್ತ ನಡೆದವರಲ್ಲಿ ಅವನನ್ನು ಕಂಡವರು ಕಾಲು ಭಾಗ ಮಾತ್ರ. ಕಣ್ಣು ತೆರೆದಿದ್ದರೂ ವಿದೂಷಕನೇ ಕಾಣದಿದ್ದರೆ ಹಿಂದಕ್ಕೆ ಬರುವ ಬಸ್ಸು ಎಲ್ಲಿ ಕಾಣಬೇಕು? ಮಾತಾಡಬೇಕಾದರೆ ಕಂಬಕ್ಕೆ ಒರಗಿ ನಿಂತುಬಿಡಿ.

ಓದುಕೋಣೆಯ ವಿಷಯ ಈ ಜಿಲ್ಲೆಗಳಿಗೆ ಹೆಚ್ಚು ಹತ್ತಿರದ್ದು. ಸಂವಿಧಾನದ 98ನೇ ತಿದ್ದುಪಡಿಯಿಂದ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಬಂದು, 2013ರಿಂದ ಸ್ಥಳೀಯ ಮೀಸಲಾತಿ ಜಾರಿಯಾದ ಮೇಲೆ ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವ ಹುಡುಗ ಹುಡುಗಿಯರಿಗೆ ಗ್ರಂಥಾಲಯವೇ ಎರಡನೇ ಮನೆ. ಅವರ ನೋಟ್ಸು, ಹಳೆಯ ಪ್ರಶ್ನೆಪತ್ರಿಕೆ, ಪಾಠದ ವಿಡಿಯೋ ಎಲ್ಲ ಫೋನಿನಲ್ಲೇ ಇವೆ. ಫೋನು ತರಬೇಡಿ ಎಂದರೆ ಓದಬೇಡಿ ಎಂದಂತೆ. ಆದರೆ ಫೋನು ಮೇಜಿನ ಮೇಲಿದ್ದರೆ ಓದು ಸೋರುತ್ತದೆ. 2015ರಲ್ಲಿ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ, ಬಂದ ನೋಟಿಫಿಕೇಶನ್ನನ್ನು ತೆಗೆದು ನೋಡದೆ ಬಿಟ್ಟವರೂ ಗಮನದ ಪರೀಕ್ಷೆಯಲ್ಲಿ ಹೆಚ್ಚು ತಪ್ಪು ಮಾಡಿದ್ದು ಕಂಡಿತು. 2017ರಲ್ಲಿ ಟೆಕ್ಸಾಸ್‌ನ ಅಧ್ಯಯನ ಇನ್ನೂ ಮುಂದೆ ಹೋಗಿ, ಮುಚ್ಚಿಟ್ಟ ಫೋನು ಮೇಜಿನ ಮೇಲೆ ಇದ್ದರೇ ಸಾಕು, ಬೇರೆ ಕೋಣೆಯಲ್ಲಿಟ್ಟು ಬಂದವರಿಗಿಂತ ಅಂಕ ಕಡಿಮೆ ಎಂದಿತು. ಆಮೇಲಿನ ಪ್ರಯೋಗಗಳಲ್ಲಿ ಇದು ಪ್ರತಿಸಲ ಹಾಗೆಯೇ ಬಂದಿಲ್ಲ, ಆದ್ದರಿಂದ ಇದನ್ನು ವೇದವಾಕ್ಯ ಮಾಡಬೇಕಿಲ್ಲ. ಮೊದಲನೆಯದು ಮಾತ್ರ ಮೇಜಿಗೆ ಕೂತ ಯಾರಿಗೂ ಅನುಭವಕ್ಕೆ ಬರುವಂಥದ್ದು.

ವೈಬ್ರೇಶನ್ ಸದ್ದಿಲ್ಲದ್ದು ಎಂಬ ನಂಬಿಕೆಯೂ ತಪ್ಪು. ಉದ್ದ ಹಲಗೆಯ ಮೇಜಿನ ಮೇಲೆ ಫೋನು ನಡುಗಿದರೆ ಇಡೀ ಹಲಗೆ ತಮಟೆಯ ಚರ್ಮವಾಗುತ್ತದೆ, ಆ ತುದಿಯಲ್ಲಿ ಕೂತವರ ಮೊಣಕೈಗೂ ತಟ್ಟುತ್ತದೆ. ಇದಕ್ಕೆ ಬಳ್ಳಾರಿಯಲ್ಲಿ ಕೈಗೆಟುಕುವ ವಸ್ತುವೇ ಇದೆ: ಜೀನ್ಸ್ ಬಟ್ಟೆಯ ತುಂಡು. ಜೀನ್ಸ್ ಹೊಲಿಯುವ ಘಟಕಗಳಲ್ಲಿ ಉಳಿಯುವ ತುಂಡಿನಿಂದ ಗೋಡೆಗೆ ತೂಗುಹಾಕುವ ಜೇಬಿನ ಪರದೆ ಹೊಲಿಸಬಹುದು. ಹಿಂಬದಿಗೆ 90 ಸೆಂ.ಮೀ. ಚೌಕದ ಬಟ್ಟೆ. ಅದರ ಮೇಲೆ 20 ಸೆಂ.ಮೀ. ಅಂತರದಲ್ಲಿ ನಾಲ್ಕು ಸಾಲು, ಸಾಲಿಗೆ ಆರು ಜೇಬು, ಒಟ್ಟು 24. ಒಂದೊಂದು ಜೇಬು 12 ಸೆಂ.ಮೀ. ಅಗಲ, ಆದರೆ ಬಟ್ಟೆ 14 ಸೆಂ.ಮೀ. ಬಿಟ್ಟು ನೆರಿಗೆ ಹಿಡಿಯಬೇಕು, ಇಲ್ಲದಿದ್ದರೆ ದಪ್ಪ ಕವರಿನ ಫೋನು ಇಳಿಯುವುದಿಲ್ಲ. ಆಳ 13 ಸೆಂ.ಮೀ. ಸಾಕು. ಇನ್ನೂ ಆಳ ಮಾಡಿದರೆ ಫೋನು ಪೂರ್ತಿ ಮುಳುಗಿ ಸಂಜೆ ಮರೆತು ಹೋಗುತ್ತಾರೆ. ಎರಡು ಬೆರಳಿನಷ್ಟು ಮೇಲೆ ಕಾಣಬೇಕು. ಮೇಲಂಚಿನಲ್ಲಿ ಕೋಲು ತೂರಿಸಿ ಎರಡೂ ತುದಿಗೆ ಕಟ್ಟಿ; ನಡುವೆ ಒಂದೇ ಮೊಳೆಗೆ ತೂಗಿದರೆ 24 ಫೋನಿನ ಭಾರ, ಸುಮಾರು 5 ಕಿಲೋ, ಬಟ್ಟೆಯನ್ನು ಹರಿಯುತ್ತದೆ. ಜೇಬಿಗೆ ನಂಬರ್ ಬರೆಸಿ, ಅದೇ ನಂಬರಿನ ಕುರ್ಚಿಯಲ್ಲಿ ಕೂರಲಿ. ಪರದೆ ಬಾಗಿಲ ಹತ್ತಿರ ಬೇಡ, ಕಳುವಿಗೆ ದಾರಿ. ಗ್ರಂಥಪಾಲಕರ ಕಣ್ಣೆದುರಿನ ಗೋಡೆ ಸರಿ. ಇಡುವ ಮೊದಲು ಅಲಾರಂ ತೆಗೆಯಬೇಕು. ಒಡೆಯ ಹೊರಗೆ ಚಹಾಕ್ಕೆ ಹೋಗಿ ಒಳಗೆ ಅಲಾರಂ ಹೊಡೆದರೆ ಲಾಕ್ ಆದ ಫೋನನ್ನು ಮುಟ್ಟಲು ಯಾರೂ ಮುಂದೆ ಬರುವುದಿಲ್ಲ. ನೋಟ್ಸ್ ಬೇಕಾದವರು ಐವತ್ತು ನಿಮಿಷಕ್ಕೊಮ್ಮೆ ಎದ್ದು ತೆಗೆದುಕೊಳ್ಳಲಿ; ಆ ಎದ್ದುಹೋಗುವ ಹತ್ತು ಹೆಜ್ಜೆಯೇ ಸುಮ್ಮನೆ ಫೋನು ನೋಡುವ ಚಟಕ್ಕೆ ತಡೆ.

ಆಸ್ಪತ್ರೆಯಲ್ಲಿ ನಿಯಮವೂ ಗಟ್ಟಿ, ಕಷ್ಟವೂ ಗಟ್ಟಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ, ಸರಕಾರ ಹಾಗೆಂದು ಘೋಷಿಸಿದ ಕಡೆ, ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಮಿತಿ ಹಗಲು 50, ರಾತ್ರಿ 40 ಡೆಸಿಬೆಲ್. ಅವು ಧ್ವನಿವರ್ಧಕ, ಹಾರ್ನು, ಪಟಾಕಿಯನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ನಿಯಮಗಳು. ಹೊರಗಿನ ಹಾರ್ನ್ ನಿಂತರೂ ಒಳಗೆ ಮಂಚದ ಪಕ್ಕದ ಉಕ್ಕಿನ ಲಾಕರ್ ಮೇಲೆ ನಡುಗುವ ಫೋನು ನಿಂತಿರುವುದಿಲ್ಲ. ಟವೆಲನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲಿಟ್ಟರೆ ಆ ಸದ್ದು ಅಡಗುತ್ತದೆ. ಬೀಪ್ ಬೀಪ್ ಎನ್ನುವ ರಿಂಗ್‌ಟೋನನ್ನಂತೂ ವಾರ್ಡಿಗೆ ಬರುವ ಮೊದಲೇ ಬದಲಾಯಿಸಬೇಕು. ಅದು ಹೊಡೆದಾಗಲೆಲ್ಲ ನರ್ಸ್ ಯಾವ ಮಂಚದ ಯಂತ್ರವೋ ಎಂದು ತಲೆ ಎತ್ತುತ್ತಾರೆ. ಹೊರರೋಗಿ ವಿಭಾಗದಲ್ಲಿ ಬೇರೆ ನಷ್ಟ: ಹೆಸರು ಕೂಗಿದ್ದು ವಿಡಿಯೋ ಸದ್ದಿನಲ್ಲಿ ಮುಳುಗಿ, ಮಸ್ಕಿಯಿಂದ ನಸುಕಿನ ಬಸ್ಸಿಗೆ ಬಂದವರ ಪಾಳಿ ತಪ್ಪಿಹೋಗುತ್ತದೆ.

ವಾರ್ಡಿನಲ್ಲಿ ಫೋನು ಹೊಡೆಯುವುದು ಮನರಂಜನೆಗಲ್ಲ, ಕಳಕಳಿಗೆ. ಒಬ್ಬರು ಅಡ್ಮಿಟ್ ಆದರೆ ಅಣ್ಣ, ತಂಗಿ, ಬೀಗರು, ಓಣಿಯವರು ಎಲ್ಲರೂ ಬೇರೆ ಬೇರೆ ಕರೆ ಮಾಡುತ್ತಾರೆ, ಅದೂ ಕೆಲಸ ಮುಗಿಸಿ ರಾತ್ರಿ ಎಂಟರ ಮೇಲೆ. ಮಂಚದ ಪಕ್ಕದಲ್ಲಿರುವವರು ಪ್ರತಿಯೊಬ್ಬರಿಗೂ ಮೊದಲಿಂದ ಹೇಳಬೇಕು: ಎಂದು ಬಂದೆವು, ಏನಂದರು, ಎಷ್ಟು ಖರ್ಚು. ಪಕ್ಕದ ಆರು ಮಂಚದವರು ಅದನ್ನು ಇಪ್ಪತ್ತು ಸಲ ಕೇಳುತ್ತಾರೆ. ಕರೆ ಎತ್ತದಿದ್ದರೆ ಊರಲ್ಲಿ ಗಾಬರಿ. ಇಲ್ಲಿ ಬೋರ್ಡು, ಬೈಗುಳ ಎರಡೂ ಕೆಲಸಕ್ಕೆ ಬಾರವು. ಅಡ್ಮಿಟ್ ಆದ ದಿನವೇ ಊರಲ್ಲಿ ಒಬ್ಬರನ್ನು ಗೊತ್ತು ಮಾಡಬೇಕು, ಎಲ್ಲರೂ ಅವರನ್ನೇ ಕೇಳಲಿ. ಆ ಒಬ್ಬರ ನಂಬರಿಗೆ ನಕ್ಷತ್ರ ಹಾಕಿ ಡು ನಾಟ್ ಡಿಸ್ಟರ್ಬ್ ಹಚ್ಚಬೇಕು. ಸಂಜೆ ಡಾಕ್ಟರ್ ನೋಡಿ ಹೋದ ಮೇಲೆ, ಏಳೂವರೆಗೆ, ಊರಿನ ಕರೆಗಳು ಶುರುವಾಗುವ ಮೊದಲು, ವಾರ್ಡಿನ ಹೊರಗೆ ಮೆಟ್ಟಿಲ ಮೇಲೆ ಕೂತು ಮನೆಯ ಗುಂಪಿಗೆ ಒಂದು ವಾಯ್ಸ್ ಮೆಸೇಜ್: “ಅಪ್ಪಗ ಜ್ವರ ಇಳದೈತಿ. ಗಂಜಿ ಕುಡದಾರ. ನಾಳೆ ಹತ್ತಕ್ಕ ದೊಡ್ಡ ಡಾಕ್ಟರು ಬರ್ತಾರ, ನೋಡಿದ ಮ್ಯಾಲ ನಾನ ಹೇಳ್ತೀನಿ. ಈಗ ಯಾರೂ ಫೋನ್ ಹಚ್ಚಬ್ಯಾಡ್ರಿ, ಮಲಗ್ಯಾರ.”